ಬಾನೆಟ್ಟಿಗೆ ಅಂಟಿಸಿದ ಕಾಗದ

ಕಪಿಲೆಯ ದಡದ ಒಂದು ಚಿಕ್ಕ ಆಶ್ರಮದಲ್ಲಿ ಮಹಲಿಂಗ ಸ್ವಾಮಿಗಳು ಇದ್ದರು. ಸುತ್ತಲ ಹಳ್ಳಿಯವರು ಅವರನ್ನು ಬುದ್ಧಿಯವರು ಎಂದೇ ಕರೆಯುತ್ತಿದ್ದರು.

ಭಕ್ತರು ಕೊಡಿಸಿದ ಒಂದು ಕಾರು ಆಶ್ರಮದಲ್ಲಿತ್ತು. ವಾರಕ್ಕೆ ಎರಡು ದಿನ ಅದು ಹಳ್ಳಿಯ ಮೂವರು ರೋಗಿಗಳನ್ನು ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ಓಡಿಸುತ್ತಿದ್ದವನು ಶಿಷ್ಯ ಶಿವರುದ್ರ. ಆಶ್ರಮಕ್ಕೆ ಬರುವ ಮುಂಚೆ ಹನ್ನೊಂದು ವರ್ಷ ಲಾರಿ ಓಡಿಸಿದವನು.

ಒಂದು ಬೆಳಿಗ್ಗೆ ಶಿವರುದ್ರ ಬಾನೆಟ್ ಎತ್ತಿ ನಿಂತಿದ್ದ. ಎಂಜಿನ್ನನ್ನು ತಣ್ಣಗಿಡುವ ಗುಲಾಬಿ ಬಣ್ಣದ ಕೂಲೆಂಟು ಡಬ್ಬಿಯಲ್ಲಿ ಒಂದು ಬೆರಳಿನಷ್ಟು ಇಳಿದಿತ್ತು. ಆ ತಿಂಗಳಲ್ಲಿ ಅದು ಮೂರನೇ ಸಲ.

ಗುರುಗಳು ಹೊಳೆಯಲ್ಲಿ ಸ್ನಾನ ಮುಗಿಸಿ ಬರುತ್ತಿದ್ದರು.

“ಏನಪ್ಪ ನೋಡ್ತಿದ್ದೀ?”

“ಕೂಲೆಂಟ್ ಇಳಿದಿದೆ ಬುದ್ಧಿ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಯಾರೋ ಏನೋ ಮಾಡ್ತಿದ್ದಾರೆ.”

“ಇಳಿದಿರೋದನ್ನ ನೋಡಿದೆಯಾ?”

“ನೋಡಿದೆ.”

“ಯಾರೋ ಮಾಡಿದ್ದನ್ನ?”

“ಅದನ್ನ ನೋಡಿಲ್ಲ.”

“ಹಾಗಾದರೆ ಇಳಿದಿದೆ ಅಂತ ಮಾತ್ರ ಹೇಳು.”

ಗುರುಗಳು ಒದ್ದೆ ಪಂಚೆ ಹಿಂಡುತ್ತಾ ಒಳಗೆ ಹೋದರು.

ಕೂಲೆಂಟ್ ಒಳಗೊಳಗೇ ಸೋರುತ್ತಿದೆಯೇ ಎಂದು ಶಿವರುದ್ರ ತನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದ. ಎಂಜಿನ್ ಆಯಿಲ್ ಹಾಲಿನಂತಾಗಿದೆಯೇ ಎಂದು ನೋಡಿದ. ಆಗಿರಲಿಲ್ಲ. ಹೊಗೆ ಬೆಳ್ಳಗೆ ಬರುತ್ತಿದೆಯೇ ಎಂದು ನೋಡಿದ. ಬರುತ್ತಿರಲಿಲ್ಲ. ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಕೈಯಾಡಿಸಿದ. ಒಣಗಿತ್ತು.

ಕಾರಿಗೆ ಮೂರು ವರ್ಷದ ವಾರಂಟಿ. ಅದರಲ್ಲಿ ಇಪ್ಪತ್ತೆರಡು ದಿನ ಮಾತ್ರ ಉಳಿದಿತ್ತು.

ಸರ್ವಿಸ್ ಸೆಂಟರಿಗೆ ಹೊರಡುವ ಮುಂಚೆ ಅವನು ಡಬ್ಬಿಯನ್ನು ಮೇಲಿನ ಗೆರೆಯವರೆಗೂ ತುಂಬಿಸಿದ. ಹಿಂದೆ ಎರಡು ಸಲ ಅಲ್ಲಿಗೆ ಹೋದಾಗಲೂ ಹಾಗೇ ಮಾಡಿದ್ದ. ಕಡಿಮೆ ಇರುವಾಗಲೇ ಓಡಿಸಿದ್ದೀರಿ, ತಪ್ಪು ನಿಮ್ಮದೇ, ವಾರಂಟಿ ಕೊಡೋದಿಲ್ಲ ಎಂದುಬಿಟ್ಟರೆ ಎಂಬ ಭಯ.

ಅಲ್ಲಿನ ಸೂಪರ್‌ವೈಸರ್ ಬಗ್ಗಿ ನೋಡಿದ.

“ಲೆವೆಲ್ ಸರಿಯಾಗಿಯೇ ಇದೆಯಲ್ಲ ಸ್ವಾಮಿ. ನೀವೇನಾದರೂ ಹಾಕಿದ್ದೀರಾ?”

“ಇಲ್ಲ.”

“ಹಾಗಿದ್ದರೆ ಲೀಕ್ ಇಲ್ಲ. ಇನ್ನೊಂದು ತಿಂಗಳು ಓಡಿಸಿ ನೋಡಿ.”

ಶಿವರುದ್ರ ಹಿಂದಿರುಗಿ ಬಂದು ಗುರುಗಳ ಮುಂದೆ ಕೂತ.

“ಅವರು ಬೇಕಂತಲೇ ದಿನ ತಳ್ತಿದ್ದಾರೆ ಬುದ್ಧಿ. ಒಂದು ತಿಂಗಳು ಓಡಿಸಿ ಅಂತಾರೆ. ವಾರಂಟಿ ಇರೋದು ಇಪ್ಪತ್ತೆರಡು ದಿನ. ಲೆಕ್ಕ ಹಾಕಿಯೇ ಹೇಳಿದ್ದಾರೆ.”

“ಅವರಿಗೆ ಏನು ಹೇಳಿದೆ ನೀನು?”

“ಕೂಲೆಂಟ್ ಇಳಿಯುತ್ತೆ ಅಂದೆ.”

“ಅವರಿಗೆ ಏನು ತೋರಿಸಿದೆ?”

ಶಿವರುದ್ರ ಎದ್ದು ಹೋದ.

ಆಶ್ರಮದಲ್ಲಿ ಕೆಂಪಣ್ಣ ಎಂಬ ಹಿರಿಯರಿದ್ದರು. ತೋಟ ನೋಡಿಕೊಳ್ಳುತ್ತಿದ್ದರು, ಕಾರು ತೊಳೆಯುತ್ತಿದ್ದರು. ಹಿಂದೆ ಆಶ್ರಮಕ್ಕೆ ಒಂದು ಹಳೇ ಜೀಪು ಇದ್ದಾಗ ಅದನ್ನು ಓಡಿಸುತ್ತಿದ್ದವರು ಅವರೇ. ಕಾರು ಬಂದ ಮೇಲೆ ಕಣ್ಣು ಮಂಜಾಗಿದೆ ಎಂದು ತಾವೇ ಹೇಳಿ ಸ್ಟೇರಿಂಗ್ ಬಿಟ್ಟಿದ್ದರು.

ಮರುದಿನ ಶಿವರುದ್ರ ಪೂಜೆಯಿಂದ ಬರುವಾಗ ಕೆಂಪಣ್ಣ ಬಾನೆಟ್ ಎತ್ತಿ ಒಳಗೆ ಕೈ ಹಾಕಿದ್ದರು.

“ಏನು ಮಾಡ್ತಿದ್ದೀರಿ ಕೆಂಪಣ್ಣ?”

ಕೆಂಪಣ್ಣ ಬೆಚ್ಚಿ ತಿರುಗಿದರು.

“ಬೆಕ್ಕು ನುಗ್ಗಿತ್ತು ಕಣಪ್ಪ. ಬೆಚ್ಚಗಿರುತ್ತೆ ಅಂತ ಬಂದು ಮಲಗುತ್ತೆ. ನೀನು ಸ್ಟಾರ್ಟ್ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತಲ್ಲ, ಅಟ್ಟೋಣ ಅಂತ.”

ಶಿವರುದ್ರ ಒಳಗೆ ನೋಡಿದ. ಬೆಕ್ಕು ಇರಲಿಲ್ಲ.

“ಎಲ್ಲಿದೆ?”

“ಓಡಿಹೋಯ್ತು.”

ಅಂದು ಇಡೀ ದಿನ ಶಿವರುದ್ರನಿಗೆ ಆ ಬೆಚ್ಚಿದ ಮುಖವೇ ಕಾಣುತ್ತಿತ್ತು. ಸ್ಟೇರಿಂಗ್ ಬಿಟ್ಟುಕೊಟ್ಟ ಮನುಷ್ಯ. ನನ್ನ ಕೈಯಲ್ಲಿ ಕಾರು ಕೆಟ್ಟರೆ ಯಾರಿಗೆ ಸಂತೋಷ? ಹಿಂದೆ ಕೆಂಪಣ್ಣ ಸುಮ್ಮನೆ ಆಡಿದ ಮಾತುಗಳೆಲ್ಲ ಈಗ ಬೇರೆ ಥರ ಕೇಳಿಸತೊಡಗಿದವು. ‘ಹೊಸ ಗಾಡಿ ನಾಜೂಕಪ್ಪ’ ಎಂದಿದ್ದರು. ಯಾಕೆ ಹಾಗೆಂದರು? ‘ನಿನ್ನ ಕೈ ಸ್ವಲ್ಪ ಜೋರು’ ಎಂದಿದ್ದರು. ಯಾಕೆ?

ಸಂಜೆ ಅವನು ಹಳೇ ಕ್ಯಾಲೆಂಡರಿನಿಂದ ಒಂದು ಕಾಗದದ ಪಟ್ಟಿ ಹರಿದ. ಅನ್ನದ ಅಗುಳು ಅರೆದು, ಬಾನೆಟ್ ಮುಚ್ಚುವ ಸಂದಿಗೆ ಅಡ್ಡಲಾಗಿ ಆ ಕಾಗದ ಅಂಟಿಸಿದ. ಯಾರಾದರೂ ಬಾನೆಟ್ ಎತ್ತಿದರೆ ಅದು ಹರಿಯಲೇಬೇಕು.

ಮರುದಿನ ಆಸ್ಪತ್ರೆಗೆ ಹೋಗಿಬಂದ. ಅದರ ಮರುಬೆಳಿಗ್ಗೆ ನೋಡಿದ. ಕಾಗದ ಹರಿದಿರಲಿಲ್ಲ. ಬಾನೆಟ್ ಎತ್ತಿದ. ಕೂಲೆಂಟ್ ಇಳಿದಿತ್ತು.

ಗುರುಗಳ ಹತ್ತಿರ ಓಡಿದ.

“ಕಾಗದ ಹಾಗೇ ಇದೆ ಬುದ್ಧಿ. ಆದರೂ ಇಳಿದಿದೆ.”

“ಹಾಗಾದರೆ ಯಾರೂ ತೆಗೆದಿಲ್ಲ.”

“ಅಲ್ಲ ಬುದ್ಧಿ, ಬಿಡಿಸಿ ಮತ್ತೆ ಅಂಟಿಸಿದ್ದಾರೆ. ಅನ್ನದ ಅಂಟು ತಾನೇ.”



“ಕಾಗದ ಹರಿದಿದ್ದರೆ ಏನು ಅಂದುಕೊಳ್ಳುತ್ತಿದ್ದೆ?”

“ಕೆಂಪಣ್ಣ ತೆಗೆದರು ಅಂತ.”

“ಹರಿದಿಲ್ಲ. ಈಗೇನು ಅಂದುಕೊಂಡೆ?”

“ಕೆಂಪಣ್ಣ…”

“ಹಾಗಿದ್ದ ಮೇಲೆ ಅಂಟಿಸಿದ್ದು ಯಾಕಪ್ಪ?”

ಬಾಗಿಲ ಆಚೆ ಬಕೀಟು ಹಿಡಿದು ಕೆಂಪಣ್ಣ ನಿಂತಿದ್ದರು. ಮಾತೆಲ್ಲ ಅವರಿಗೆ ಕೇಳಿಸಿತ್ತು.

ಅವರು ಸಿಟ್ಟಾಗಲಿಲ್ಲ. ಬಕೀಟು ಕೆಳಗಿಟ್ಟರು.

“ಮೊನ್ನೆಯೇ ಆ ಕಾಗದ ನೋಡಿದೆ ಬುದ್ಧಿ. ಬೆಕ್ಕು ಬರಬಾರದು ಅಂತ ಅಂಟಿಸಿರಬೇಕು ಅಂದುಕೊಂಡೆ. ಅದು ನನಗೆ ಅಂತ ಗೊತ್ತಾಗಲಿಲ್ಲ.”

ಗುರುಗಳ ಕಾಲಿಗೆ ನಮಸ್ಕರಿಸಿ, ಒಂದು ಕೈಚೀಲದಲ್ಲಿ ಬಟ್ಟೆ ತುಂಬಿಕೊಂಡು, ಹೊಳೆಯಾಚೆ ಮಗಳ ಊರಿಗೆ ಹೊರಟುಹೋದರು. ಗುರುಗಳು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಶಿವರುದ್ರ ಹೊರಗೆ ಬಂದರೆ ಗುರುಗಳು ಕಾವಿ ಪಂಚೆ ಎತ್ತಿ ಕಟ್ಟಿಕೊಂಡು ಕಾರು ತೊಳೆಯುತ್ತಿದ್ದರು. ಎಪ್ಪತ್ತೆಂಟು ವರ್ಷದವರು. ಮೊಣಕಾಲೂರಿ ಚಕ್ರ ಉಜ್ಜುತ್ತಿದ್ದರು.

“ಬುದ್ಧೀ! ಬಿಡಿ, ಬಿಡಿ. ನಾನು ಮಾಡ್ತೀನಿ.”

“ಮುಗೀತು. ನೀನು ಹೋಗಿ ಕಾಗದ ತಗೊಂಡು ಬಾ.”

“ಯಾವ ಕಾಗದ?”

“ಅಂಟಿಸೋದಕ್ಕೆ. ಇವತ್ತು ಕಾರು ಮುಟ್ಟಿದವನು ನಾನು.”

ಗುರುಗಳು ಬಟ್ಟೆ ಹಿಂಡಿ ಒಣಗಹಾಕಿದರು.

“ಡಬ್ಬಿ ಗೆರೆಯವರೆಗೂ ತುಂಬಿಸು. ಇನ್ನು ಎಂಟು ದಿನ, ಆಸ್ಪತ್ರೆಗೆ ಹೋಗಿಬಂದ ಮೇಲೆ ಕಾರು ಇದೇ ಜಾಗದಲ್ಲಿ ನಿಲ್ಲಿಸು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡು. ನೋಡಬೇಕು, ಅಷ್ಟೆ. ಏನೂ ಹಾಕಬಾರದು.”

“ಕಡಿಮೆಯಾಗಿ ಎಂಜಿನ್ ಬಿಸಿಯಾದರೆ? ರೋಗಿಗಳಿರುತ್ತಾರೆ ಬುದ್ಧಿ.”

“ಕೆಳಗಿನ ಗೆರೆ ಮುಟ್ಟಿದ ದಿನ ಕಾರು ಆಸ್ಪತ್ರೆಗೆ ಹೊರಡೋದು ಬೇಡ. ಹಳ್ಳಿಯ ಸಿದ್ದಯ್ಯನ ವ್ಯಾನಿಗೆ ಹೇಳಿದ್ದೀನಿ, ಅವರನ್ನ ಅದು ಕರಕೊಂಡು ಹೋಗುತ್ತೆ.”

ಮೂರನೇ ಬೆಳಿಗ್ಗೆ ಅರ್ಧ ಬೆರಳು ಇಳಿದಿತ್ತು. ಕೆಂಪಣ್ಣ ಊರಲ್ಲಿಲ್ಲ.

ಐದನೇ ಬೆಳಿಗ್ಗೆ ಒಂದು ಬೆರಳು.

ಶಿವರುದ್ರ ಅಡುಗೆಯವರನ್ನು ನೋಡಿದ. ಹಾಲು ತರುವವನನ್ನು ನೋಡಿದ. ಎಲ್ಲರ ಮೇಲೂ ಅವನ ಕಣ್ಣು ಒಂದೊಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಹಾಲಿನವನು ಕೇಳಿಯೇಬಿಟ್ಟ: “ಯಾಕಣ್ಣ, ನಾನೇನಾದರೂ ಮಾಡಿದ್ನಾ?”

ಎಂಟನೇ ಬೆಳಿಗ್ಗೆ ಕೂಲೆಂಟು ಕೆಳಗಿನ ಗೆರೆಗೆ ಬಂದಿತ್ತು. ಆ ಎಂಟು ದಿನವೂ ಅವನನ್ನು ಬಿಟ್ಟು ಯಾರೊಬ್ಬರೂ ಬಾನೆಟ್ ಮುಟ್ಟಿರಲಿಲ್ಲ.

ಶಿವರುದ್ರನ ಕೈ ತಾನಾಗಿಯೇ ಮೂಲೆಯಲ್ಲಿದ್ದ ಕೂಲೆಂಟ್ ಕ್ಯಾನಿನ ಕಡೆ ಹೋಯಿತು. ಕ್ಯಾನ್ ಎತ್ತಿ ಹಾಗೇ ನಿಂತ. ಆಮೇಲೆ ಅದನ್ನು ಕೆಳಗಿಟ್ಟು ಗುರುಗಳ ಬಳಿಗೆ ಹೋದ.

“ಬುದ್ಧಿ, ಒಂದು ಮಾತು ಮುಚ್ಚಿಟ್ಟಿದ್ದೆ.”

“ಹೇಳು.”

“ಮೂರು ಸಲವೂ ಡಬ್ಬಿ ತುಂಬಿಸಿಕೊಂಡೇ ಸರ್ವಿಸ್‌ಗೆ ತಗೊಂಡು ಹೋಗಿದ್ದೆ. ಏನಾದರೂ ಹಾಕಿದ್ದೀರಾ ಅಂತ ಕೇಳಿದರು. ಇಲ್ಲ ಅಂದೆ. ಇನ್ನೊಂದೂ ಇದೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ದಾರಿಯಲ್ಲಿ ಎಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೇರಿತು. ಹಿಂದೆ ರೋಗಿಗಳು ಮೂವರೂ ಕೂತಿದ್ದರು. ಕೈಯಲ್ಲಿ ಕೂಲೆಂಟ್ ಇರಲಿಲ್ಲ. ಹೋಟೆಲಿನ ಬೋರ್‌ವೆಲ್ ನೀರನ್ನೇ ಹಾಕಿಬಿಟ್ಟೆ. ಕಂಪನಿಗೆ ಗೊತ್ತಾದರೆ ವಾರಂಟಿ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ.”

“ನನಗೂ ಹೇಳಲಿಲ್ಲ.”

“ನಿಮಗೂ ಹೇಳಲಿಲ್ಲ.”

“ಈಗ ಎಷ್ಟು ದಿನ ಇದೆ?”

“ಹತ್ತು.”

“ಡಬ್ಬಿ ಈಗ ಹೇಗಿದೆಯೋ ಹಾಗೇ ಹೋಗಿ ತೋರಿಸು. ನನಗೆ ಹೇಳಿದ್ದನ್ನ ಅಲ್ಲೂ ಹೇಳು.”

“ವಾರಂಟಿ ಕೊಡೋದಿಲ್ಲ ಅಂದುಬಿಟ್ಟರೆ?”

“ಕೊಡೋದಿಲ್ಲ ಅಂತ ಬಂದು ಹೇಳು.”

ಶಿವರುದ್ರ ಕಾರನ್ನು ನಿಧಾನವಾಗಿ, ಮುಳ್ಳಿನ ಮೇಲೇ ಕಣ್ಣಿಟ್ಟು, ಎರಡು ಕಡೆ ನಿಲ್ಲಿಸಿ ತಣಿಸಿಕೊಂಡು ಒಯ್ದ.

ಅವನ ಮಾತು ಕೇಳುತ್ತಾ ಸೂಪರ್‌ವೈಸರನ ಮುಖ ಬಿಗಿಯಾಯಿತು.

“ಬೋರ್‌ವೆಲ್ ನೀರಾ? ಇದನ್ನ ರಿಪೇರಿಯ ಜಾಬ್ ಕಾರ್ಡಿನಲ್ಲಿ ಬರೀಬೇಕಾಗುತ್ತೆ ಸ್ವಾಮಿ. ಕಂಪನಿಯವರು ಒಪ್ಪದೇ ಇರಬಹುದು. ಆಮೇಲೆ ನಮ್ಮನ್ನ ಕೇಳಬಾರದು.”

“ಬರೀರಿ. ಮೂರು ಸಲ ತುಂಬಿಸಿ ತಂದಿದ್ದೆ ಅಂತಲೂ ಬರೀರಿ.”

ಅಲ್ಲಿ ಅನ್ವರ್ ಪಾಷಾ ಎಂಬ ಹಳೇ ಮೆಕ್ಯಾನಿಕ್ ಇದ್ದರು. ಕಾರನ್ನು ಒಂದು ರಾತ್ರಿ ಅಲ್ಲೇ ಬಿಡಲು ಹೇಳಿದರು. ಬೆಳಿಗ್ಗೆ ಶಿವರುದ್ರ ಬಂದಾಗ ಡಬ್ಬಿಯ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದರು. ಪಂಪಿನ ಮೇಲಿನ ಮೀಟರಿನ ಮುಳ್ಳು ಏರಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.

ಕಾಲು ಗಂಟೆಯಲ್ಲಿ ಮುಳ್ಳು ಸ್ವಲ್ಪ ಇಳಿಯಿತು.

“ಲೀಕ್ ಇದೆ,” ಎಂದರು ಅನ್ವರ್ ಪಾಷಾ.

ಟಾರ್ಚು ಹಿಡಿದು ಬೆಲ್ಟಿನ ಹಿಂದೆ ಕತ್ತು ಚಾಚಿದರು. ಶಿವರುದ್ರನನ್ನು ಹತ್ತಿರ ಕರೆದರು. ಕೂಲೆಂಟನ್ನು ಎಂಜಿನ್ನಿಗೆ ತಳ್ಳುವ ವಾಟರ್ ಪಂಪಿನ ಅಡಿಯಲ್ಲಿ ಒಣಗಿದ ಗುಲಾಬಿ ಕಲೆ, ಗೋಡೆ ಮೇಲೆ ಸುಣ್ಣ ಇಳಿದಂತೆ. ಅದರ ತುದಿಯಲ್ಲಿ ಒಂದು ಹನಿ ಆಗಷ್ಟೇ ಮೂಡುತ್ತಿತ್ತು.

“ಬಿಸಿಯಾಗಿ ಒತ್ತಡ ಏರಿದಾಗ ಜಿನುಗುತ್ತೆ. ಎಂಜಿನ್ ಬಿಸಿಗೆ ಅಲ್ಲೇ ಆರಿಹೋಗುತ್ತೆ. ನೆಲಕ್ಕೆ ಬೀಳೋದೇ ಇಲ್ಲ.”

“ಮೂರು ಸಲ ಬಂದಾಗಲೂ ಇದು ಯಾಕೆ ಸಿಗಲಿಲ್ಲ?”

“ತುಂಬಿದ ಡಬ್ಬಿ ತಂದು, ಏನೂ ಹಾಕಿಲ್ಲ ಅಂದರೆ ನಾವು ಏನು ಹುಡುಕೋದು ಸ್ವಾಮಿ?”

ಕಂಪನಿಯ ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಅಲ್ಲಿಯವರೆಗೆ ರೋಗಿಗಳನ್ನು ಸಿದ್ದಯ್ಯನ ವ್ಯಾನೇ ಕರೆದೊಯ್ಯಿತು. ಕೆಟ್ಟಿರುವುದು ಸೋರಿಕೆ ತಡೆಯುವ ಪಂಪಿನ ಸೀಲು, ನೀರು ಹಾಕಿದ್ದರಿಂದ ಅದು ಕೆಟ್ಟಿಲ್ಲ ಎಂದು ಅನ್ವರ್ ಪಾಷಾ ಫೋಟೊ ಸಮೇತ ಬರೆದು ಕಳಿಸಿದ್ದರು. ಕಂಪನಿ ಒಪ್ಪಿತು. ವಾರಂಟಿಯಲ್ಲೇ ಹೊಸ ಪಂಪು ಬಂತು. ಹಳೇ ನೀರನ್ನೆಲ್ಲ ತೆಗೆದು ಹೊಸ ಕೂಲೆಂಟ್ ತುಂಬಿಸಿದರು.

ಕಾರು ತಂದ ದಿನವೇ ಶಿವರುದ್ರ ಹೊಳೆ ದಾಟಿ ಹೋದ.

ಕೆಂಪಣ್ಣ ಮಗಳ ಮನೆಯ ಜಗಲಿ ಮೇಲೆ ಹುರುಳಿ ಆರಿಸುತ್ತಾ ಕೂತಿದ್ದರು. ಶಿವರುದ್ರ ಅವರ ಕಾಲು ಹಿಡಿದ.

“ತಪ್ಪಾಯ್ತು ಕೆಂಪಣ್ಣ. ಪಂಪು ಸೋರುತ್ತಿತ್ತು. ಸಿಕ್ಕಿತು.”

“ಸಿಕ್ಕದೇ ಹೋಗಿದ್ದರೆ?”

ಶಿವರುದ್ರ ಹಿಡಿದ ಕಾಲು ಬಿಡಲಿಲ್ಲ.

ಕೆಂಪಣ್ಣ ಮೊರ ಕೊಡವಿದರು. “ಬರ್ತೀನಪ್ಪ. ತೋಟಕ್ಕೆ ನೀರು ಬಿಡುವವರು ಯಾರೂ ಇಲ್ಲ ಅಲ್ಲಿ. ಆದರೆ ಕಾರು ಮಾತ್ರ ಮುಟ್ಟೋದಿಲ್ಲ.”

ಬಂದರು. ಹಿಂದಿನಂತೆಯೇ ಬದನೆ ಗಿಡಗಳಿಗೆ ಪಾತಿ ಮಾಡಿದರು. ಶಿವರುದ್ರನ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಅಂಗಳ ದಾಟುವಾಗ ಮಾತ್ರ ಕಾರಿನಿಂದ ನಾಲ್ಕು ಮಾರು ದೂರ ಸುತ್ತಿಕೊಂಡು ನಡೆದರು.

ಒಂದು ತಿಂಗಳಾಯಿತು. ಡಬ್ಬಿಯಲ್ಲಿ ಕೂಲೆಂಟು ಗೆರೆ ಬಿಟ್ಟು ಕದಲಲಿಲ್ಲ. ಕೆಂಪಣ್ಣನೂ ಕಾರಿನ ಹತ್ತಿರ ಬರಲಿಲ್ಲ.

ಶಿವರುದ್ರ ಗುರುಗಳ ಬಳಿ ಹೋದ.

“ಕ್ಷಮೆ ಕೇಳಿದೆ ಬುದ್ಧಿ. ನಗುತ್ತಾರೆ, ಮಾತಾಡುತ್ತಾರೆ. ಆದರೂ ಕಾರು ಕಂಡರೆ ದೂರ ಹೋಗುತ್ತಾರೆ. ನನ್ನಲ್ಲಿ ಈಗ ಅನುಮಾನ ಇಲ್ಲ ಅಂತ ಅವರಿಗೆ ಹೇಗೆ ಹೇಳಲಿ?”

“ಕಾರಿನ ಕೀಲಿ ಎಲ್ಲಿದೆ?”

ಶಿವರುದ್ರ ಜುಬ್ಬದ ಜೇಬು ಮುಟ್ಟಿ ನೋಡಿಕೊಂಡ.

“ನನ್ನ ಹತ್ತಿರ.”

“ಯಾವಾಗಿನಿಂದ?”

“ಕೆಂಪಣ್ಣ ಹೊರಟುಹೋದ ಮೇಲೆ ಎಲ್ಲರ ಮೇಲೂ ಅನುಮಾನ ಬಂತಲ್ಲ ಬುದ್ಧಿ, ಆಗಿನಿಂದ.”

“ಅದಕ್ಕೆ ಮುಂಚೆ?”

“ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆ. ಯಾರು ಬೇಕಾದರೂ ತಗೊಳ್ಳುತ್ತಿದ್ದರು.”

ಗುರುಗಳು ಕಣ್ಣು ಮುಚ್ಚಿದರು.

“ಮೊಳೆ ಇನ್ನೂ ಅಲ್ಲೇ ಇದೆ.”