ವಾಸನೆಯಿಲ್ಲದ ಸೀಸೆ

"ಗುರುಗಳೇ, ಒಂದು ವರ್ಷ ಧ್ಯಾನಕ್ಕೆ ಕುಳಿತೆ. ನೀವು ಹೇಳಿದ್ದು ನನಗೆ ಸಿಗಲಿಲ್ಲ. ಅಂಥದ್ದು ಏನೂ ಇಲ್ಲವೆಂದು ನಾಳೆ ಬರುವವರಿಗೆ ಹೇಳಲೇ?"

ಕೇಳಿದವನು ಕರಿಬಸವನೆಂಬ ಶಿಷ್ಯ. ಆ ಆಶ್ರಮದಲ್ಲಿ ಹೊಸಬರನ್ನು ಬಾಗಿಲಲ್ಲಿ ಎದುರುಗೊಳ್ಳುವುದು ಹಿಂದಿನ ವರ್ಷ ಬಂದವನ ಕೆಲಸ. ಮರುದಿನ ಮೂವರು ಬರುವವರಿದ್ದರು. ಇಲ್ಲಿ ಏನಿದೆ ಎಂದು ಅವರು ಮೊದಲು ಅವನನ್ನೇ ಕೇಳುತ್ತಾರೆ. ಅವನ ಮಾತು ಕೇಳಿ ಒಳಗೆ ಬರುತ್ತಾರೆ, ಇಲ್ಲವೇ ಬಂದ ದಾರಿ ಹಿಡಿಯುತ್ತಾರೆ.

"ನಾನು ಸುಳ್ಳು ಹೇಳಲಾರೆ," ಎಂದ ಕರಿಬಸವ. "ಕುಳಿತದ್ದರಲ್ಲಿ ತಪ್ಪಿಲ್ಲ. ಒಂದು ದಿನವೂ ಬಿಟ್ಟಿಲ್ಲ. ಎಲ್ಲ ಬರೆದಿಟ್ಟಿದ್ದೇನೆ."

ಗುರು ಹೇಳಿದರು: "ತಪ್ಪಿಲ್ಲದೆ ಪರೀಕ್ಷೆ ಮಾಡಿದವನೊಬ್ಬನ ಕತೆ ಇದೆ. ಕೇಳು."

ಒಂದು ಊರಿನಲ್ಲಿ ಒಬ್ಬ ಮೋಜಣಿದಾರನಿದ್ದ. ನೆಲದ ಮೇಲೆ ಸರಪಳಿ ಎಳೆದು ಅಳೆಯುವುದು ಅವನ ನೌಕರಿ. ರಜೆಯ ದಿನ ಅತ್ತರು ಪರೀಕ್ಷಿಸುವುದು ಅವನ ಹವ್ಯಾಸ. ದೊಡ್ಡ ಅಂಗಡಿಗಳ ಅತ್ತರು ಅವನಿಗೆ ಬೇಡ. ಹಿತ್ತಲಲ್ಲಿ ಭಟ್ಟಿ ಇಟ್ಟುಕೊಂಡು ವರ್ಷಕ್ಕೆ ಒಂದೇ ಹಂಡೆ ಇಳಿಸುವವರು ಇರುತ್ತಾರಲ್ಲ, ಅಂಥವರು ಕಿರುಬೆರಳಿನಷ್ಟು ಸೀಸೆಯಲ್ಲಿ ಅವನಿಗೆ ಮಾದರಿ ಕಳಿಸುತ್ತಿದ್ದರು. ಅವನು ಪರೀಕ್ಷಿಸಿ ತನಗೆ ತೋರಿದ್ದನ್ನು ಬರೆಯುತ್ತಿದ್ದ. ತಿಂಗಳಿಗೊಂದು ಹಾಳೆ. ಮೊದಮೊದಲು ಅದನ್ನು ನಲವತ್ತು ಜನ ಓದುತ್ತಿದ್ದರು. ಆಮೇಲೆ ಆ ಸೀಮೆಯ ಅತ್ತರಿನವರೆಲ್ಲ ಓದತೊಡಗಿದರು.

ಅವನಿಗೊಂದು ಕ್ರಮವಿತ್ತು. ಪರೀಕ್ಷೆಯ ದಿನ ಸಾಬೂನಿಲ್ಲ, ಕಡಲೆಹಿಟ್ಟಿನ ಸ್ನಾನ. ಕಾಫಿ ಇಲ್ಲ, ಎಲೆಅಡಿಕೆ ಇಲ್ಲ. ಅತ್ತರಿಗೆ ಏನು ಹಾಕಿದೆ ಎಂದು ಮೊದಲೇ ಕೇಳುವುದಿಲ್ಲ. ಹೆಸರು ತಿಳಿದರೆ ಮೂಗು ಹೆಸರನ್ನೇ ಮೂಸುತ್ತದೆ ಎನ್ನುತ್ತಿದ್ದ. ಒಂದು ಹನಿ ಕಾಗದದ ಪಟ್ಟಿಗೆ, ಒಂದು ಹನಿ ಎಡಗೈಯ ಮಣಿಕಟ್ಟಿಗೆ. ಬೆಳಿಗ್ಗೆ ಏಳಕ್ಕೆ ಮೊದಲ ಸಲ ಮೂಸುವುದು. ಎಂಟಕ್ಕೆ ಎರಡನೆಯ ಸಲ, ಮಧ್ಯಾಹ್ನ ಒಂದಕ್ಕೆ ಮೂರನೆಯ ಸಲ, ಸಂಜೆ ಐದಕ್ಕೆ ಕೊನೆಯ ಸಲ. ಪ್ರತಿ ಸಲಕ್ಕೆ ಒಂದು ಸಾಲು. ನಾಲ್ಕು ಸಾಲಿಗೆ ಒಂದು ತೀರ್ಪು. ಆಮೇಲೆ ಸೀಸೆ ಕಳಿಸಿದವರಿಗೆ ವಾಪಸು, ಪಟ್ಟಿ ಒಲೆಗೆ.

ಹಿಂದಿನ ವರ್ಷ ಒಂದು ಅವಮಾನ ಆಗಿತ್ತು. ಯಾರೋ ಕುಚೋದ್ಯಕ್ಕೆ ಸೀಸೆಯಲ್ಲಿ ಬರಿಯ ಎಣ್ಣೆ ತುಂಬಿ ಕಳಿಸಿದ್ದರು. ಅತ್ತರಿಗೆ ತಳವಾಗಿ ಬಳಸುವ, ಯಾವ ವಾಸನೆಯೂ ಇಲ್ಲದ ಎಣ್ಣೆ. ಅವನು ಪದ್ಧತಿಯಂತೆ ನಾಲ್ಕು ಸಲ ಮೂಸಿ ನಾಲ್ಕು ಸಾಲು ಬರೆದ. ಮೊದಲಿಗೆ ಒಣಹುಲ್ಲು, ಮಧ್ಯಾಹ್ನಕ್ಕೆ ಹಳೆಯ ಮರದ ಪೆಟ್ಟಿಗೆ. ಕಳಿಸಿದವನು ಗುಟ್ಟು ಒಡೆದ. ಆಮೇಲೆ ಹೋಟೆಲಿನಲ್ಲಿ ಮೋಜಣಿದಾರ ಲೋಟ ಎತ್ತಿದರೆ ಪಕ್ಕದ ಮೇಜಿನವರು ಕೇಳುತ್ತಿದ್ದರು: "ಸಾಹೇಬರೇ, ಈ ನೀರಿನಲ್ಲಿ ಪೆಟ್ಟಿಗೆ ಇದೆಯೇ ನೋಡಿ ಹೇಳಿ. ಬೀಗ ಇದ್ದರೂ ಚಿಂತೆಯಿಲ್ಲ."

ಅಂದಿನಿಂದ ಅವನು ಕ್ರಮಕ್ಕೆ ಒಂದು ಅಂಶ ಸೇರಿಸಿದ. ಪ್ರತಿ ಪರೀಕ್ಷೆಯಲ್ಲೂ ಬರಿಯ ಎಣ್ಣೆಯ ಹನಿ ಹಾಕಿದ ಇನ್ನೊಂದು ಪಟ್ಟಿ. ಮಾದರಿಯ ಪಟ್ಟಿಗೂ ಈ ಪಟ್ಟಿಗೂ ವ್ಯತ್ಯಾಸ ಸಿಕ್ಕರೆ ಮಾತ್ರ ಬರೆಯುವುದು. ಸಿಗದಿದ್ದರೆ, ಇಲ್ಲ ಎಂದು ಬರೆಯುವುದು.

ಹೀಗಿರುವಾಗ ಒಬ್ಬ ಅತ್ತರಿನ ಹೆಂಗಸು ಬಂದಳು. ಉಳಿದವರಂತೆ ಅಂಚೆಯಲ್ಲಿ ಕಳಿಸಲಿಲ್ಲ. ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ತಾನೇ ಬಂದಳು.

"ಮೂರು ವರ್ಷ ಆಯಿತು ಸಾಹೇಬರೇ, ಇದೊಂದನ್ನೇ ಮಾಡಿದ್ದೇನೆ," ಎಂದಳು. "ಒಂದು ಹಂಡೆ ಆಗಿದೆ. ನೀವು ಇದೆ ಎಂದರೆ ಉಂಟು. ಇಲ್ಲ ಎಂದರೆ ಚೆಲ್ಲುತ್ತೇನೆ."

"ಚೆಲ್ಲುವುದೇಕೆ ತಾಯಿ?"

ಅವಳು ತನ್ನ ಮನೆಯ ಪದ್ಧತಿ ಹೇಳಿದಳು. ಅವರಲ್ಲಿ ಹೊಸ ಅತ್ತರನ್ನು ಮನೆಯವರ ಮೂಗನ್ನೇ ನಂಬಿ ಹೊರಗೆ ಕೊಡುವುದಿಲ್ಲ. ಭಟ್ಟಿಯ ಮುಂದೆ ಕುಳಿತವರ ಮೂಗಿನಲ್ಲಿ ವಾಸನೆ ಮನೆ ಮಾಡಿರುತ್ತದೆ. ಹಂಡೆಯಲ್ಲಿ ಇಲ್ಲದಿದ್ದರೂ ಅವರಿಗೆ ಇದೆ ಎನಿಸುತ್ತದೆ. ಅದಕ್ಕೆ ಹೊರಗಿನ ಒಂದು ಮೂಗು ಒಪ್ಪಬೇಕು. ಒಪ್ಪದಿದ್ದರೆ ಹಂಡೆಯನ್ನು ಬಾಗಿಲ ಮುಂದಿನ ಹೊಂಗೆಮರದ ಬುಡಕ್ಕೆ ಸುರಿಯಬೇಕು. ಆ ಅತ್ತರನ್ನು ಆ ಮನೆಯವರು ಮತ್ತೆ ಇಳಿಸುವಂತಿಲ್ಲ. ಅವಳ ಅಜ್ಜಿ ಎರಡು ಸಲ ಸುರಿದಿದ್ದಳು. ತಾಯಿ ಒಂದು ಸಲ.

"ಮೂರು ವರ್ಷ ಅದರ ಮುಂದೆ ಕುಳಿತವಳು ನಾನು," ಎಂದಳು. "ನನ್ನ ಮೂಗನ್ನು ನಾನು ನಂಬುವುದಿಲ್ಲ. ನಿಮ್ಮದನ್ನು ನಂಬುತ್ತೇನೆ."

ಐದು ಗಂಟೆಯವರೆಗೆ ಜಗುಲಿಯ ಮೇಲೆ ಕುಳಿತಿರುತ್ತೇನೆ ಎಂದಳು. ಯಾರೂ ಹಾಗೆ ಎದುರಿಗೆ ಕುಳಿತಿದ್ದಿಲ್ಲ. ಬೇಡ ಎನ್ನಲು ಕ್ರಮದಲ್ಲಿ ಕಾರಣವಿರಲಿಲ್ಲ. ಮೋಜಣಿದಾರ ಕಿಟಕಿಯ ಬಳಿ ಮೇಜು ಹಾಕಿಕೊಂಡ.

ಏಳು ಗಂಟೆ. ಮಾದರಿಯ ಪಟ್ಟಿಯನ್ನು ಮೂಸಿದ. ಏನೂ ಬರಲಿಲ್ಲ. ಬರಿಯ ಎಣ್ಣೆಯ ಪಟ್ಟಿಯನ್ನು ಮೂಸಿದ. ಏನೂ ಬರಲಿಲ್ಲ. ಕೆಲವು ಅತ್ತರುಗಳು ತಡವಾಗಿ ಏಳುತ್ತವೆ ಎಂದುಕೊಂಡು ಮೊದಲ ಸಾಲನ್ನು ಖಾಲಿ ಬಿಟ್ಟ.

ಎಂಟು ಗಂಟೆ. ಮಣಿಕಟ್ಟನ್ನು ಮೂಸಿದ. ಚರ್ಮ ಮಾತ್ರ. ಮೂಗು ಕೆಟ್ಟಿತೇ ಎಂದು ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ಮೂಸಿದ, ಮೆಂತ್ಯದ ಡಬ್ಬಿ ಮೂಸಿದ, ಮುಚ್ಚಳ ಹಾಕಿಟ್ಟಿದ್ದ ಹುಣಸೆಹಣ್ಣಿನ ಜಾಡಿಯನ್ನು ದೂರದಿಂದಲೇ ಗುರುತು ಹಿಡಿದ. ಮೂಗು ನೆಟ್ಟಗಿತ್ತು.

ಆಗ ಅವನಿಗೆ ಇನ್ನೊಂದು ಯೋಚನೆ ಬಂತು. ಇವಳು ಯಾರು? ನಿಜವಾಗಿ ಅತ್ತರಿನವಳೇ, ಅಥವಾ ಹಿಂದಿನ ವರ್ಷದ ಕುಚೋದ್ಯ ಮತ್ತೆ ಬಂದಿದೆಯೇ? ಅಂಚೆ ಬಿಟ್ಟು ತಾನೇ ಬಂದದ್ದೇಕೆ? ದಿನವಿಡೀ ಎದುರಿಗೆ ಕುಳಿತು ನೋಡುವುದೇನನ್ನು?

ಅಲ್ಲಿಂದ ಮುಂದೆ ಅವನು ಸೀಸೆಗಿಂತ ಅವಳನ್ನೇ ಹೆಚ್ಚು ನೋಡಿದ. ಅವಳು ಅವನ ಮೂಗನ್ನು ನೋಡುತ್ತಿದ್ದಳು. ಅವಳು ನೀರು ಕೂಡ ಕೇಳಲಿಲ್ಲ.

ಒಂದು ಗಂಟೆ. ಬಿಸಿಲು ಏರಿತ್ತು. ಅವನು ಎಡಗೈಯನ್ನು ಎತ್ತಿ ಮೂಗಿಗೆ ತಂದ. ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಗಾಳಿ ನುಗ್ಗಿ ಅವನ ಕೈಯ ಮೇಲಿಂದ ಹಾದು ಕಿಟಕಿಯಿಂದ ಜಗುಲಿಗೆ ಹೋಯಿತು. ಹೆಂಗಸು ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಒಂದು ನಗೆ ಬಂತು.

ಸಿಕ್ಕಿದಳು, ಎಂದುಕೊಂಡ ಮೋಜಣಿದಾರ. ನಾನು ಮತ್ತೆ ಪೆಟ್ಟಿಗೆ, ಹುಲ್ಲು ಎಂದು ಬರೆಯುತ್ತೇನೆಂದು ನಗುತ್ತಿದ್ದಾಳೆ.

ಅವನು ಎದ್ದು ಜಗುಲಿಗೆ ಬಂದ. "ತಾಯಿ, ಇದರಲ್ಲಿ ನಿಜವಾಗಿ ಏನಾದರೂ ಹಾಕಿದ್ದೀರಾ?"

ಅವಳ ನಗೆ ಹೋಯಿತು. "ಏನು ಹಾಕಿದೆ ಎಂದು ನೀವು ಕೇಳುವುದಿಲ್ಲ ಎಂದು ಜನ ಹೇಳಿದ್ದರು."

"ಹಾಕಿದ್ದೀರಾ ಎಂದು ಕೇಳಿದೆ. ಏನು ಎಂದು ಕೇಳಲಿಲ್ಲ."

"ಹಾಕಿದ್ದೇನೆ." ಅವಳು ಹೇಳಿದಳು: "ಹಾಕಿದ್ದು ನಿಂತಿದೆಯೋ ಇಲ್ಲವೋ, ಅದನ್ನು ನೀವು ಹೇಳಬೇಕು. ಸಂಶಯವಿದ್ದರೆ ನೆರೆಯವರನ್ನು ಯಾರನ್ನಾದರೂ ಕರೆಯಿರಿ. ಅವರೂ ಮೂಸಲಿ."

"ಎರಡು ಮೂಗು ಕೂಡಿದರೆ ಅದು ಪರೀಕ್ಷೆಯಲ್ಲ ತಾಯಿ, ಪಂಚಾಯಿತಿ," ಎಂದ ಮೋಜಣಿದಾರ. ಒಳಗೆ ಹೋದ.

ಐದು ಗಂಟೆ. ಎರಡು ಪಟ್ಟಿಗಳನ್ನು ಕಣ್ಣು ಮುಚ್ಚಿ ಅದಲುಬದಲು ಮಾಡಿ ಮೂಸಿದ. ಹತ್ತು ಸಲ ಮೂಸಿದ. ಯಾವುದು ಯಾವುದೆಂದು ಒಂದು ಸಲವೂ ತಿಳಿಯಲಿಲ್ಲ. ಕ್ರಮದಲ್ಲಿ ಎಲ್ಲೂ ತಪ್ಪಿರಲಿಲ್ಲ. ಮೊದಲ ಮೂರು ಸಾಲುಗಳನ್ನು ಖಾಲಿ ಬಿಟ್ಟು ನಾಲ್ಕನೆಯದರಲ್ಲಿ ಬರೆದ: ಈ ಸೀಸೆಯಲ್ಲಿ ವಾಸನೆ ಇಲ್ಲ.

ಹೆಂಗಸು ಕಾಗದವನ್ನು ಎರಡು ಸಲ ಓದಿದಳು. ಸಿಟ್ಟಾಗಲಿಲ್ಲ.

"ಹಾಗಾದರೆ ಅದು ನನ್ನ ಮೂಗಿನಲ್ಲೇ ಇತ್ತು," ಎಂದಳು. ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡಳು. ಮೆಟ್ಟಿಲು ಇಳಿದು ಹೋದಳು.

ಅವನು ಎರಡೂ ಪಟ್ಟಿಗಳನ್ನು ಒಲೆಗೆ ಹಾಕಿದ. ಈ ಸಲ ಮೋಸಹೋಗಲಿಲ್ಲ ಎಂದು ಸಮಾಧಾನಪಟ್ಟ.

ಹನ್ನೆರಡು ದಿನ ಕಳೆಯಿತು. ಒಂದು ರಸ್ತೆ ಅಳೆಯಲು ಮೋಜಣಿದಾರನಿಗೆ ಪಕ್ಕದ ಊರಿಗೆ ಹೋಗಬೇಕಾಯಿತು. ಹಿಂದಿನ ದಿನ ನಾಲ್ಕು ಹನಿ ಮಳೆ ಬಿದ್ದಿತ್ತು. ಬೆಳಿಗ್ಗೆ ಬಿಸಿಲು ಬಂದಿತ್ತು. ಸರಪಳಿಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವನ ಜೊತೆಯ ಆಳಿನ ಕೈಯಲ್ಲಿ. ಒಂದು ಬೀದಿಯ ತಿರುವಿನಲ್ಲಿ ಆಳು ನಿಂತುಬಿಟ್ಟ. ಸರಪಳಿ ಸಡಿಲವಾಗಿ ನೆಲಕ್ಕೆ ಬಿತ್ತು.

"ಎಳೆಯೋ, ಏಕೆ ಬಿಟ್ಟೆ?" ಎಂದು ಕೂಗಿದ ಮೋಜಣಿದಾರ.

"ಸಾಹೇಬರೇ, ಇದೆಂಥ ವಾಸನೆ!"

"ಎಲ್ಲಿ?"

"ಎಲ್ಲಿ ಎಂದರೆ? ಬೀದಿಯ ತುಂಬ ಇದೆಯಲ್ಲ."

ಮೋಜಣಿದಾರ ಉಸಿರೆಳೆದ. ಒದ್ದೆ ಮಣ್ಣು ಬಂತು, ಯಾರ ಮನೆಯದೋ ಒಗ್ಗರಣೆ ಬಂತು. ಬೇರೇನೂ ಬರಲಿಲ್ಲ. ಸುತ್ತ ನೋಡಿದ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವಳು ಹೊರೆ ಇಳಿಸದೆ ನಿಂತಿದ್ದಳು. ಒಬ್ಬ ಮುದುಕ ಮನೆಯ ಬಾಗಿಲಿನಿಂದ ಕುರ್ಚಿಯನ್ನು ಹೊರಗೆ ತಂದು ಹಾಕಿಕೊಂಡು ಕುಳಿತಿದ್ದ. ಸೈಕಲ್ಲಿನವನೊಬ್ಬ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ. ಎಲ್ಲರ ಮುಖವೂ ಒಂದೇ ಕಡೆಗಿತ್ತು. ಅಲ್ಲಿ ಒಂದು ಹೊಂಗೆಮರವಿತ್ತು.

ಮೋಜಣಿದಾರ ತನ್ನ ಕೈಯಲ್ಲಿದ್ದ ಸರಪಳಿಯ ತುದಿಯನ್ನೂ ನೆಲಕ್ಕೆ ಬಿಟ್ಟ. ಕಿಸೆಯಿಂದ ಕಾಗದ ತೆಗೆದ. ಒಬ್ಬೊಬ್ಬರ ಬಳಿಗೂ ಹೋಗಿ ಹೇಗಿದೆ ಎಂದು ಕೇಳಿದ. ಎಳೆಕೂಸಿನ ನೆತ್ತಿಯ ಹಾಗೆ ಎಂದ ಆಳು. ಬಿಸಿಲಿಗೆ ಹಾಕಿ ಒಳಗೆ ತಂದ ಹಾಸಿಗೆ ಎಂದ ಮುದುಕ. ಹೊರೆಯವಳು ಸೀಬೆಹಣ್ಣು ಎಂದು ಹೇಳಿ, ಅಲ್ಲ ಎಂದು ತಲೆಯಾಡಿಸಿದಳು. ಅವನು ಎಲ್ಲವನ್ನೂ ಬರೆದುಕೊಂಡ. ಆಮೇಲೆ ಮರದ ಬುಡದಲ್ಲಿ ಮಂಡಿಯೂರಿ ಮಣ್ಣಿಗೆ ಮೂಗು ತಾಗಿಸಿದ. ಮಣ್ಣು, ಬೇರು, ಇರುವೆ. ಅಷ್ಟೇ.

ಬಾಗಿಲಲ್ಲಿ ಅತ್ತರಿನ ಹೆಂಗಸು ನಿಂತಿದ್ದಳು.

"ಎಲ್ಲವನ್ನೂ ಸುರಿದಿರಾ?" ಎಂದ. ಮಂಡಿಯ ಮೇಲಿಂದ ಏಳಲಿಲ್ಲ.

"ನಮ್ಮಲ್ಲಿ ಅರ್ಧ ಸುರಿಯುವುದಿಲ್ಲ ಸಾಹೇಬರೇ. ನಿಮಗೆ ತಂದಿದ್ದ ಸೀಸೆಯನ್ನೂ ಸುರಿದೆ. ಅಂದು ಒಣಮಣ್ಣು ಎಲ್ಲ ನುಂಗಿತು, ನಿನ್ನೆಯ ಮಳೆಗೆ ಈಗ ಎದ್ದಿದೆ."

"ಏನು ಹಾಕಿದ್ದಿರಿ?"

"ಕಸ್ತೂರಿಬೆಂಡೆಯ ಬೀಜ. ಗಂಧದೆಣ್ಣೆಯಲ್ಲಿ ಇಳಿಸಿದರೆ ಗಂಧವೇ ಮುಂದೆ ನಿಲ್ಲುತ್ತದೆಂದು ಬರಿಯ ಎಣ್ಣೆಯಲ್ಲಿ ಇಳಿಸಿದೆ. ಬೇರೇನೂ ಇಲ್ಲ." ಅವಳು ಅವನ ಮುಖ ನೋಡಿದಳು. "ಈಗ ಬರುತ್ತಿದೆಯೇ?"

"ಇಲ್ಲ."

"ಸ್ವಲ್ಪವೂ?"

"ಸ್ವಲ್ಪವೂ ಇಲ್ಲ ತಾಯಿ."

ಅವಳು ಮರದ ಬುಡದ ಮಣ್ಣನ್ನು ನೋಡಿದಳು. ಆಮೇಲೆ ಹೇಳಿದಳು: "ಹಾಗಾದರೆ ಅಂದು ನಿಮಗೆ ಬರಲಿಲ್ಲ ಎಂದಷ್ಟೇ ಬರೆದುಕೊಡಬೇಕಿತ್ತು. ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿದ್ದೆ."

"ಮತ್ತೆ ಇಳಿಸಿ. ತಪ್ಪು ನನ್ನದೆಂದು ಹಾಳೆಯಲ್ಲಿ ಬರೆಯುತ್ತೇನೆ. ಎಲ್ಲರೂ ಓದುತ್ತಾರೆ."

"ಬರೆಯಿರಿ. ಆದರೆ ಸುರಿದದ್ದನ್ನು ಈ ಮನೆಯಲ್ಲಿ ಮತ್ತೆ ಇಳಿಸುವುದಿಲ್ಲ," ಎಂದು ಅವಳು ಒಳಗೆ ಹೋದಳು.

ಆ ಬೀದಿಯಲ್ಲಿ ಜನ ಸಂಜೆಯವರೆಗೂ ಬಂದು ನಿಂತು ಹೋಗುತ್ತಿದ್ದರು. ಮೋಜಣಿದಾರ ಅವರ ನಡುವೆಯೇ ನಿಂತಿದ್ದ. ಬಿಸಿಲು ಇಳಿದಂತೆ ಒಬ್ಬೊಬ್ಬರಾಗಿ ಕಡಿಮೆಯಾಯಿತು ಎಂದರು, ಹೋಗುತ್ತಿದೆ ಎಂದರು, ಹೋಯಿತು ಎಂದರು. ಅದು ಹೋದದ್ದೂ ಅವನಿಗೆ ಜನರ ಬಾಯಿಂದಲೇ ತಿಳಿಯಿತು.

ಗುರು ಕತೆ ನಿಲ್ಲಿಸಿದರು.

ಕರಿಬಸವ ತನ್ನ ಕೈಯಲ್ಲಿದ್ದ ವರ್ಷದ ದಿನಚರಿಯನ್ನು ನೋಡಿಕೊಂಡ. ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ:

"ಗುರುಗಳೇ, ಆ ಅತ್ತರಿನ ಪರಿಮಳ ನಿಜವಾಗಿ ಹೇಗಿತ್ತು?"

"ಆ ಬೀದಿಯಲ್ಲಿ ಎಲ್ಲರನ್ನೂ ಕೇಳಿದೆ ಕರಿಬಸವ, ಯಾರು ಹೇಳಿದರೂ ಅದು ನನ್ನ ಮೂಗಿಗೆ ಬರಲಿಲ್ಲ."