ತೇಲಾಡಿಗೆ ಇನ್ನೊಂದು ಹೆಸರು

ಒಂದು ಕಾಡಿನಲ್ಲಿ ಹೊಳೆಯೊಂದು ಎರಡಾಗಿ ಕವಲೊಡೆದು, ಸ್ವಲ್ಪ ದೂರ ಹರಿದು, ಮತ್ತೆ ಕೂಡಿಕೊಳ್ಳುತ್ತಿತ್ತು. ನಡುವೆ ಒಂದು ನಡುಗಡ್ಡೆ. ಬೆಳಗಿನ ಮಂಜಿನಲ್ಲಿ ಅದು ನೀರಿನ ಮೇಲೆ ಮೆಲ್ಲಗೆ ತೇಲುವಂತೆ ಕಾಣುತ್ತಿತ್ತು. ಅದಕ್ಕೇ ಅಲ್ಲಿಯ ಹಕ್ಕಿಗಳೂ ಆಮೆಗಳೂ ಅದನ್ನು ತೇಲಾಡಿ ಎನ್ನುತ್ತಿದ್ದವು. ತೇಲಾಡಿಗೆ ರಾಜನಿರಲಿಲ್ಲ. ಏನೇ ಇದ್ದರೂ ಎಲ್ಲವೂ ಅತ್ತಿಮರದ ಕೆಳಗೆ ಸಭೆ ಸೇರಿ ತೀರ್ಮಾನಿಸುತ್ತಿದ್ದವು. ಆಚೆ ದಡದ ದೊರೆ ಗಜರಾಯ ಎಂಬ ಮುದಿ ಆನೆ. ಮೊಸಳೆ ಬಂದರೆ ಅವನು ತೇಲಾಡಿಯನ್ನೂ ಕಾಪಾಡುತ್ತಿದ್ದ. ಅಲ್ಲಿಯ ವಿಚಾರಕ್ಕೆ ಮಾತ್ರ ತಲೆಹಾಕುತ್ತಿರಲಿಲ್ಲ.

ಅತ್ತಿಮರದ ತುದಿಯಲ್ಲಿ ಸೋನೆ ಎಂಬ ಕೊಕ್ಕರೆ ಮೊದಲ ಸಲ ಮೊಟ್ಟೆಯಿಟ್ಟು ಕಾವು ಕೂತಿದ್ದಳು. ಒಂದು ಬೆಳಿಗ್ಗೆ ನೀರು ಕುಡಿದು ಬರುವಷ್ಟರಲ್ಲಿ ಗೂಡಿನಲ್ಲಿ ಒಂದೇ ಮೊಟ್ಟೆ ಉಳಿದಿತ್ತು. ಕೊಂಬೆಯ ಮೇಲೆ ದಡದ ಉಡ ಗರುಕಣ್ಣ ಬಾಯಿ ನೆಕ್ಕುತ್ತಿದ್ದ.

"ಮೊಟ್ಟೆ ಮುಟ್ಟಬಾರದು ಅಂತ ಗಜರಾಯರ ಕಟ್ಟಳೆ ಇಲ್ಲವೇ?" ಸೋನೆ ಚೀರಿದಳು.

"ಅದು ದಡಕ್ಕೆ ಕಣಮ್ಮ. ಇದು ದಡವಲ್ಲವಲ್ಲ!"

ಸಭೆ ಕೂಡಲೇ ಸೇರಿತು. "ಇನ್ನು ಇತ್ತ ಕಾಲಿಡಬೇಡ" ಎಂದು ಉಡವನ್ನು ಓಡಿಸಿತು.

ಉಡಕ್ಕೆ ಬಾಯಿರುಚಿ ಬಿಡಲಿಲ್ಲ. ಗಡ್ಡೆಯ ಕಾವಲು ತನ್ನ ಕೈಗೇ ಬಂದರೆ ಕೇಳುವವರಿಲ್ಲ ಎಂದು ಲೆಕ್ಕ ಹಾಕಿತು. ದಡದ ಗಿಳಿಗಳನ್ನು ಕರೆದು, "ಆ ಗಡ್ಡೆಗೆ ದಡದ ಬಾಲ ಅಂತ ಹೆಸರು. ಎಷ್ಟು ಚಂದ ಅಲ್ಲವಾ?" ಎಂದಿತು. ಗಿಳಿಗಳು ಹೊಳೆಯುದ್ದಕ್ಕೂ ಅದನ್ನೇ ಹಾಡಿದವು. ಕೆಲವೇ ದಿನಗಳಲ್ಲಿ ನೀರುನಾಯಿಗಳು ಹಾಗೇ ಅಂದವು. ಆಮೆಮರಿಗಳೂ ಅಂದವು. ಒಂದು ಮಧ್ಯಾಹ್ನ ಗಾಳಿ ತೂಗುತ್ತಿದ್ದ ಗೂಡಿನಲ್ಲಿ ಸೋನೆ ಅರೆನಿದ್ದೆಯಲ್ಲಿದ್ದಳು. ಅವಳ ಕೊಕ್ಕಿನಿಂದಲೂ "ದಡದ ಬಾಲ" ಎಂದು ಹೊರಬಿತ್ತು. ಬೆಚ್ಚಿ ಕಣ್ಣು ಬಿಟ್ಟಳು. ಕೂತ ಕೊಂಬೆಯೇ ಯಾರದೋ ಆದಂತೆ ಅನಿಸಿತು.

ಮರುದಿನ ಉಡ ಗಜರಾಯನನ್ನು ನೀರಂಚಿಗೆ ಕರೆತಂದಿತು. "ದೊರೆಯೇ, ಬಾಲಕ್ಕೆ ಬೇರೆ ಸಭೆ ಯಾಕೆ? ಅದೂ ದಡವೇ. ಅಲ್ಲಿಯ ಉಸ್ತುವಾರಿ ನನಗೆ ಕೊಡಿ."

"ಏನ್ರಪ್ಪಾ, ನಿಮ್ಮ ಗಡ್ಡೆಯ ಹೆಸರೇನು?" ಗಜರಾಯ ಕೂಗಿ ಕೇಳಿದ.

"ದಡದ ಬಾಲ!" ಎಂದುಬಿಟ್ಟವು ಎಲ್ಲವೂ, ನಾಲಿಗೆಯ ರೂಢಿಯಿಂದ. ಉಡ ಎದೆಯುಬ್ಬಿಸಿತು.

ಸೋನೆ ಹಾರಿಬಂದು ಆನೆಯ ಮುಂದೆ ಇಳಿದಳು.

"ಅಜ್ಜಾ, ಇದು ದಡವೇ ಆಗಲಿ. ದಡದಲ್ಲಿ ಮೊಟ್ಟೆ ತಿಂದವನಿಗೆ ಏನು ಶಿಕ್ಷೆ?"

"ಕಾಡು ಬಿಟ್ಟು ಹೋಗಬೇಕು."

"ನನ್ನ ಮೊಟ್ಟೆ ತಿಂದವನು ನಿಮ್ಮ ಪಕ್ಕದಲ್ಲೇ ನಿಂತಿದ್ದಾನೆ."

"ಅಯ್ಯಯ್ಯೋ! ನಾನು ತಿಂದಾಗ ಅದು ದಡವಾಗಿರಲಿಲ್ಲ!" ಉಡ ಕಿರುಚಿತು.

ಗಜರಾಯ ಕಿವಿ ಬೀಸುವುದನ್ನು ನಿಲ್ಲಿಸಿದ. "ಮತ್ತೆ ಯಾವಾಗ ದಡವಾಯಿತು?"

"ಹೆಸರಿಟ್ಟ ಮೇಲೆ..."

"ಇಟ್ಟವರು ಯಾರು?"

ಉಡ ಹಿಂದಕ್ಕೆ ಸರಿಯಿತು. ಗಿಳಿಗಳೇ ಒಟ್ಟಾಗಿ, "ಗರುಕಣ್ಣ! ಗರುಕಣ್ಣ!" ಎಂದವು.

"ಆ ಗಡ್ಡೆ ನಿನ್ನದಲ್ಲ, ನನ್ನದೂ ಅಲ್ಲ," ಎಂದ ಗಜರಾಯ. "ಹೆಸರಿಟ್ಟು ಮನೆ ಕಸಿಯುವವನಿಗೆ ಈ ದಡದಲ್ಲೂ ಜಾಗವಿಲ್ಲ. ನಡೆ!" ಎರಡೂ ಕಡೆಯ ನೆಲ ಕಳೆದುಕೊಂಡ ಉಡ ಬಾಲವೆಳೆಯುತ್ತ ಬೋಳುಗುಡ್ಡದ ಕಡೆ ಹೋಯಿತು.

"ಮಗಳೇ, ನೀವು ನಿಮ್ಮ ಗಡ್ಡೆಯನ್ನು ಏನಂತ ಕರೀತೀರಿ?"

"ತೇಲಾಡಿ, ಅಜ್ಜಾ."

"ತೇಲಾಡಿ," ಎಂದ ಮುದಿ ಆನೆ, ನಿಧಾನವಾಗಿ.

ಸೋನೆ ಗೂಡಿಗೆ ಹಾರಿ, ಉಳಿದ ಮೊಟ್ಟೆಯ ಮೇಲೆ ರೆಕ್ಕೆ ಹರಡಿ ಕೂತಳು. ಒಳಗಿನಿಂದ ಯಾರೋ ಮೆಲ್ಲಗೆ ಟಕ್ ಟಕ್ ಎಂದು ಕುಟ್ಟಿದರು.

ನೀತಿ: ಒಂದು ನೆಲದ ಹೆಸರನ್ನು ಅಲ್ಲಿ ಬಾಳುವವರೇ ಹೇಳಬೇಕು; ಹೆಸರು ತಿರುಚಿ ಪರರ ಮನೆ ಕಬಳಿಸಹೊರಟವನು ತನ್ನ ಮಾತಿನಲ್ಲಿ ತಾನೇ ಸಿಕ್ಕಿಬೀಳುತ್ತಾನೆ.