ಸಣ್ಣೀರಪ್ಪ ಬರೆದ ತೆಳುಮೋಡಗಳು

ಶಿಷ್ಯ ಕೇಳಿದ: "ಗುರುಗಳೇ, ಗುರುವಿನ ಮಾತನ್ನು ಶಿಷ್ಯ ಎಲ್ಲಿಯವರೆಗೆ ನಂಬಬೇಕು?"

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಬೋಳುಗುಡ್ಡದ ಮೇಲೆ ಹವಾಮಾನ ಕೇಂದ್ರವಿತ್ತು. ಅಲ್ಲಿ ಸಣ್ಣೀರಪ್ಪನೆಂಬುವನು ಮೋಡ ನೋಡುವ ಕೆಲಸದಲ್ಲಿದ್ದ. ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಬಂದು ತಲೆ ಎತ್ತುವುದು, ಮೋಡ ಯಾವ ಜಾತಿಯದು, ಎಷ್ಟು ಎತ್ತರದ್ದು ಎಂದು ಪುಸ್ತಕದಲ್ಲಿ ಬರೆಯುವುದು. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದ. ಈ ವಿದ್ಯೆ ಕಲಿಸಿದವರು ಅವನಿಗಿಂತ ಮೊದಲು ಅಲ್ಲಿದ್ದ ಒಬ್ಬ ಹಿರಿಯರು. ಸುತ್ತಲ ಬೆಳಕು ಕಣ್ಣಿಗೆ ಹೊಡೆದರೆ ತೆಳುಮೋಡ ಸಿಗುವುದಿಲ್ಲವೆಂದು ಅವರು ಒಂದು ಬಿದಿರಿನ ಕೊಳವೆ ಮಾಡಿಕೊಟ್ಟಿದ್ದರು. ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಕೊಳವೆ ಹಿಡಿದು, ನೆತ್ತಿಯ ಮೇಲಿನ ಆಕಾಶ ನೋಡಬೇಕು. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕೊಳವೆ ಕೈಗೆತ್ತಿಕೊಂಡಾಗಲೆಲ್ಲ ಸಣ್ಣೀರಪ್ಪನಿಗೆ ಅವರ ನಶ್ಯದ ವಾಸನೆ ನೆನಪಾಗುತ್ತಿತ್ತು.

ಮುಂದೆ ಕೇಂದ್ರಕ್ಕೆ ರೇಡಾರ್ ಬಂತು. ಅದರೊಂದಿಗೆ ಭಾರ್ಗವಿ ಎಂಬ ವಿಜ್ಞಾನಿ ಬಂದಳು. ರೇಡಾರ್ ಮೇಲಕ್ಕೆ ಅಲೆಗಳನ್ನು ಬಿಡುತ್ತಿತ್ತು. ಮೋಡಕ್ಕೆ ತಾಗಿ ಅವು ಹಿಂದಿರುಗಿದರೆ ಪರದೆಯ ಮೇಲೆ ಗುರುತು ಮೂಡುತ್ತಿತ್ತು. ಆ ಗುರುತು ನೋಡಿ ಮೋಡದ ಜಾತಿಯನ್ನು ಯಂತ್ರವೇ ಹೇಳುವಂತೆ ಮಾಡುವುದು ಅವಳ ಕೆಲಸ. ಯಂತ್ರ ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಅವಳಿಗಿದ್ದ ಒರೆಗಲ್ಲು ಸಣ್ಣೀರಪ್ಪನ ಪುಸ್ತಕ. ಮೋಡಗಳ ಹೆಸರನ್ನು ಅವಳು ಅವನಿಂದಲೇ ಕಲಿತಳು. ಅವನನ್ನು ಮೇಷ್ಟ್ರೇ ಎಂದು ಕರೆದಳು.

ಎರಡು ವರ್ಷ ಎಲ್ಲ ತಾಳೆಯಾಯಿತು. ಮೂರನೆಯ ವರ್ಷ ಸಣ್ಣೀರಪ್ಪ ಮೇಲಿಂದ ಮೇಲೆ 'ಬಹಳ ಎತ್ತರದಲ್ಲಿ ತೆಳುಮೋಡ' ಎಂದು ಬರೆಯತೊಡಗಿದ. ರೇಡಾರಿನಲ್ಲಿ ಏನೂ ಇರುತ್ತಿರಲಿಲ್ಲ. ಅಷ್ಟು ಎತ್ತರದ ಮೋಡದ ಸಣ್ಣ ಹಿಮಕಣ ರೇಡಾರಿಗೆ ಸಿಗದಿರುವುದೂ ಉಂಟು. ಆದ್ದರಿಂದ ಭಾರ್ಗವಿ ಲೈಡಾರ್ ತರಿಸಿದಳು. ಅದು ಬೆಳಕನ್ನೇ ಮೇಲಕ್ಕೆ ಬಿಟ್ಟು ನೋಡುವ ಯಂತ್ರ. ಎಂಥ ತೆಳುಮೋಡವೂ ಅದರಿಂದ ತಪ್ಪಿಸಿಕೊಳ್ಳಲಾರದು. ಅದೂ ಆಕಾಶ ಖಾಲಿ ಎಂದಿತು.

"ಯಂತ್ರ ಹೊಸದು ಮೇಷ್ಟ್ರೇ, ಇನ್ನೂ ಹದಕ್ಕೆ ಬಂದಿಲ್ಲ" ಎಂದಳು. ತಿಂಗಳುಗಟ್ಟಲೆ ಕೂತು, ಅವನ ಪುಸ್ತಕಕ್ಕೆ ತಾಳೆಯಾಗುವಂತೆ ಅದನ್ನು ತಿದ್ದಿದಳು. ಕೊನೆಗೆ ಲೈಡಾರ್ ಬರಿಯ ಗಾಳಿಯನ್ನೂ ತೆಳುಮೋಡ ಎನ್ನತೊಡಗಿತು. ಅವಳ ಈ ವಿಧಾನವನ್ನು ಬೇರೆ ಒಂಬತ್ತು ಕೇಂದ್ರಗಳಿಗೂ ಕಳುಹಿಸುವುದೆಂದು ತೀರ್ಮಾನವಾಯಿತು. ಸಣ್ಣೀರಪ್ಪನಿಗೆ ಹೆಮ್ಮೆಯೆನಿಸಿತು. ಸಂಜೆ ಚಹಾ ಕುಡಿಯುತ್ತ ಅವಳಿಗೆ ಹೇಳುತ್ತಿದ್ದ: "ನಮ್ಮ ಕಾಲದ ನೀಲಿ ಈಗೆಲ್ಲಿದೆ ತಾಯಿ? ನಾನು ಕೆಲಸಕ್ಕೆ ಸೇರಿದಾಗ ಮಾಗಿಯ ಆಕಾಶ ಹೇಗಿರುತ್ತಿತ್ತು ಗೊತ್ತೇ? ಶಂಖಪುಷ್ಪ ಅರೆದು ಬಳಿದ ಹಾಗೆ."

ಒಂದು ಮಧ್ಯಾಹ್ನ ಗಾಳಿಗೆ ಅವನ ಬಲಗಣ್ಣಿಗೆ ಕಸ ಬಿತ್ತು. ಕಣ್ಣು ತೆರೆಯಲಾಗಲಿಲ್ಲ. ಬರೆಯುವ ಹೊತ್ತು ಮೀರುತ್ತಿತ್ತು. ಅವನು ಕೊಳವೆಯನ್ನು ಎಡಗಣ್ಣಿಗೆ ಹಿಡಿದ.

ನೀಲಿ ಕಂಡಿತು. ಕೆಲಸಕ್ಕೆ ಸೇರಿದ ವರ್ಷದ ಅದೇ ನೀಲಿ. ಹಿರಿಯರು ಪಕ್ಕದಲ್ಲಿ ನಿಂತು, "ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಬರೆಯಪ್ಪ" ಎನ್ನುತ್ತಿದ್ದ ದಿನಗಳ ನೀಲಿ. ಅದು ಎಲ್ಲಿಗೂ ಹೋಗಿರಲಿಲ್ಲ. ಕುತ್ತಿಗೆ ನೋಯುವವರೆಗೂ ಅವನು ಕೊಳವೆ ಇಳಿಸಲಿಲ್ಲ. ಕಸ ಹೋದ ಮೇಲೆ ಮತ್ತೆ ಬಲಗಣ್ಣಿಗೆ ಹಿಡಿದ. ಬಿಳಿ ತೆರೆ ಬಂತು. ಎಡಗಣ್ಣಿಗೆ ಹಿಡಿದ. ತೆರೆ ಸರಿಯಿತು. ಕಣ್ಣಿಗೆ ಪೊರೆ ಬಂದಿದೆಯೆಂದು ಅವನಿಗೆ ತಿಳಿಯಿತು.

ಅವನು ನೇರವಾಗಿ ಭಾರ್ಗವಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಪುಸ್ತಕ ತೆರೆದು ಕೂತು, ಆ ವರ್ಷ ತಾನು ಬರೆದ ತೆಳುಮೋಡಗಳನ್ನು ಒಂದೊಂದಾಗಿ ಹೊಡೆದುಹಾಕಿದ. ಪ್ರತಿಯೊಂದೂ ಅವನಿಗೆ ನೆನಪಿತ್ತು. ಇದು ಯುಗಾದಿಯ ಮರುದಿನದ್ದು. ಇದು ಮಗಳು ಮೊದಲ ಬಾಣಂತನಕ್ಕೆ ಮನೆಗೆ ಬಂದ ದಿನದ್ದು. ಆ ಸಾಲಿನ ಮೇಲೆ ಅವನ ಲೇಖನಿ ಸ್ವಲ್ಪ ತಡೆಯಿತು. ಅದನ್ನೂ ಹೊಡೆದ. ಭಾರ್ಗವಿ ಲೈಡಾರನ್ನು ಮೊದಲಿನಂತೆ ಮಾಡಿದಳು. ಒಂಬತ್ತು ಕೇಂದ್ರಗಳಿಗೆ ಹೊರಟಿದ್ದ ತಪ್ಪು ಅಲ್ಲಿಯೇ ನಿಂತಿತು.

ಶಿಷ್ಯ ನಿಟ್ಟುಸಿರುಬಿಟ್ಟ. "ಪಾಪ, ಭಾರ್ಗವಿಯದೇನು ತಪ್ಪು ಗುರುಗಳೇ? ಕಲಿಸಿದವರ ಕಣ್ಣಿಗೆ ಪೊರೆ ಬಂದದ್ದು ಅವಳಿಗೆ ಹೇಗೆ ತಿಳಿಯಬೇಕು?"

ಗುರುಗಳು ಹೇಳಿದರು: "ಅವಳೂ ದಿನಾ ಅದೇ ಅಂಗಳದಲ್ಲಿ ನಿಂತು ತಲೆ ಎತ್ತುತ್ತಿದ್ದಳು, ಅವಳಿಗೆ ಒಂದು ದಿನವೂ ಆ ಮೋಡ ಕಂಡಿರಲಿಲ್ಲ."